ಗಿರಿ ಮುಟ್ಟಿದ ಕೂಗು

‘ನರಿ ಕೂಗು ಗಿರಿ ಮುಟ್ಟೀತೆ?’ ಎಂದು ನಮ್ಮ ಕಡೆ ಕೇಳುತ್ತಾರೆ. ಸಣ್ಣವರು ಎಷ್ಟು ಅರಚಿಕೊಂಡರೂ ದೊಡ್ಡವರಿಗೆ ಏನೂ ಆಗದು ಎಂಬುದು ಗಾದೆಯ ಇಂಗಿತ. ಉತ್ತರ ಅಮೆರಿಕದಲ್ಲಿ ನಮ್ಮ ನರಿಯ ದಾಯಾದಿಯೊಂದಿದೆ, ಹೆಸರು ಕಯೋಟಿ. ಅದರ ಮಟ್ಟಿಗೆ ಈ ಗಾದೆ ಸುಳ್ಳಾಯಿತು. ಅದರ ಕೂಗು ಅಮೆರಿಕದ ಸಂಸತ್ತಿನವರೆಗೂ ಮುಟ್ಟಿತು. ಸಂಸತ್ತು ಅದನ್ನು ಅಡಗಿಸಲು ಹಣ ಮಂಜೂರು ಮಾಡಿತು, ಸರ್ಕಾರ ಪ್ರಯೋಗಾಲಯ ತೆರೆಯಿತು, ಒಬ್ಬ ಅಧ್ಯಕ್ಷರು ಅದರ ಪರವಾಗಿ ಆಜ್ಞೆ ಹೊರಡಿಸಿದರು, ಹತ್ತು ವರ್ಷದ ಮೇಲೆ ಇನ್ನೊಬ್ಬರು ಆ ಆಜ್ಞೆಯನ್ನು ರದ್ದು ಮಾಡಿದರು. ಇಷ್ಟೆಲ್ಲ ನಡೆಯುವಷ್ಟರಲ್ಲಿ ಕಯೋಟಿ ಮಾತ್ರ ತಾನು ಹಿಂದೆಂದೂ ಕಾಲಿಡದ ಊರುಗಳಿಗೂ ಹೋಗಿ ನೆಲೆಸಿತ್ತು.

ಆ ಪ್ರಾಣಿಯನ್ನು ಕೊಲ್ಲಲು ಮನುಷ್ಯರು ಹೂಡಿದ ಉಪಾಯಗಳಲ್ಲಿ ಒಂದು ವಿಚಿತ್ರವಾದದ್ದು. ಚಳಿಗಾಲದಲ್ಲಿ ಹಿಮದ ಬಯಲಿನಲ್ಲಿ ಅಡಗಿ ಕುಳಿತು, ಸಾಯುತ್ತಿರುವ ಮೊಲದಂತೆ ಕಿರುಚಿ, ಇಲ್ಲವೇ ಇನ್ನೊಂದು ಕಯೋಟಿಯಂತೆ ಊಳಿಟ್ಟು, ಅದನ್ನು ಹತ್ತಿರಕ್ಕೆ ಕರೆದು ಗುಂಡು ಹೊಡೆಯುವುದು. ಎದುರಿಗೆ ಒಂದು ಬೊಂಬೆಯನ್ನೂ ಇಡುತ್ತಾರೆ. ಇದೊಂದು ಹವ್ಯಾಸ ಎಂದು ಬಿಟ್ಟುಬಿಡಬಹುದು. ಆದರೆ ಇದರ ಚರಿತ್ರೆಯನ್ನು ಹಿಂಬಾಲಿಸಿದರೆ, ಒಂದು ದೇಶ ಒಂದು ಪ್ರಾಣಿಯ ಮೇಲೆ ನೂರು ವರ್ಷ ಯುದ್ಧ ಮಾಡಿ ಸೋತ ಕಥೆ ತೆರೆದುಕೊಳ್ಳುತ್ತದೆ.

ಕಯೋಟಿ ನೋಡಲು ನಮ್ಮ ಗುಳ್ಳೆನರಿಯ ಹಾಗೆಯೇ, ಎತ್ತರ ತೂಕ ತುಸು ಹೆಚ್ಚು. ಪಶ್ಚಿಮದ ರಾಜ್ಯಗಳಲ್ಲಿ ಸಾಮಾನ್ಯವಾಗಿ 10ರಿಂದ 15 ಕಿಲೋ ತೂಗುತ್ತದೆ. ರೋಡ್ ರನ್ನರ್ ಕಾರ್ಟೂನಿನಲ್ಲಿ ಹಕ್ಕಿಯ ಬೆನ್ನು ಹತ್ತಿ ಪ್ರತಿ ಸಲವೂ ಪ್ರಪಾತಕ್ಕೆ ಬೀಳುವ ಬಡಕಲು ಪ್ರಾಣಿಯನ್ನು ನಮ್ಮ ಮನೆಗಳ ಮಕ್ಕಳೂ ಟಿ.ವಿ.ಯಲ್ಲಿ ನೋಡಿ ನಕ್ಕಿದ್ದಾರೆ. ಅದೇ ಇದು. ವೈಲ್ ಇ. ಕಯೋಟಿ ಎಂಬ ಆ ಪಾತ್ರ ತೆರೆಗೆ ಬಂದದ್ದು 1949ರಲ್ಲಿ. ಅದನ್ನು ರೂಪಿಸಿದ ಚಕ್ ಜೋನ್ಸ್‌ಗೆ ಪ್ರೇರಣೆಯಾದದ್ದು ಮಾರ್ಕ್ ಟ್ವೈನ್ 1872ರ ‘ರಫಿಂಗ್ ಇಟ್’ ಎಂಬ ಪ್ರವಾಸ ಕಥನದಲ್ಲಿ ಬರೆದ ಕಯೋಟಿಯ ಚಿತ್ರ. ಟ್ವೈನ್‌ನ ಕಯೋಟಿ ಹಸಿದದ್ದು, ಹೇಡಿ, ಯಾರಿಗೂ ಬೇಡವಾದದ್ದು. ಅದು ತಮಾಷೆಯ ಬರವಣಿಗೆ. ಆದರೆ ಆ ಕಾಲದ ಬಿಳಿಯರ ಮನಸ್ಸಿನಲ್ಲಿ ಕಯೋಟಿಗೆ ಇದ್ದ ಜಾಗ ಅದೇ ಆಗಿತ್ತು.

ಚಳಿಗಾಲದಲ್ಲಿ ಮಾತ್ರ ಹೇಳುವ ಕಥೆ

ಅವರಿಗಿಂತ ಮೊದಲು ಆ ನೆಲದಲ್ಲಿದ್ದವರ ಮನಸ್ಸಿನಲ್ಲಿ ಕಯೋಟಿಗೆ ಬೇರೆ ಜಾಗವಿತ್ತು. ‘ಕಯೋಟಿ’ ಇಂಗ್ಲಿಷ್ ಮಾತಲ್ಲ. ಮೆಕ್ಸಿಕೋದ ಅಜ್ಟೆಕ್ ಜನರ ನಹುವಾಟ್ಲ್ ಭಾಷೆಯ ‘ಕೊಯೋಟ್ಲ್’ ಸ್ಪ್ಯಾನಿಷರ ಬಾಯಲ್ಲಿ ‘ಕೊಯೋಟೆ’ಯಾಗಿ, ಅಲ್ಲಿಂದ ಇಂಗ್ಲಿಷಿಗೆ ಬಂತು. ಮೆಕ್ಸಿಕೋ ನಗರದ ಕೊಯೋಕಾನ್ ಬಡಾವಣೆಯ ಹೆಸರಿನಲ್ಲಿ ಈ ಪ್ರಾಣಿ ಇಂದಿಗೂ ಇದೆ. ಅಜ್ಟೆಕರಿಗೆ ಹುವೆಹುವೆಕೊಯೋಟ್ಲ್ ಎಂಬ ದೇವರಿದ್ದ. ‘ಮುದಿ ಕಯೋಟಿ’ ಎಂದು ಅದರ ಅರ್ಥ. ಹಾಡು, ಕುಣಿತ, ತುಂಟತನ ಅವನ ಪಾಲು. 15ನೆಯ ಶತಮಾನದಲ್ಲಿ ಟೆಕ್ಸ್‌ಕೊಕೊ ರಾಜ್ಯವನ್ನಾಳಿದ ಕವಿರಾಜನೊಬ್ಬನ ಹೆಸರು ನೆಜಾವಾಲ್‌ಕೊಯೋಟ್ಲ್, ಅಂದರೆ ‘ಉಪವಾಸವಿರುವ ಕಯೋಟಿ’. ರಾಜನೊಬ್ಬ ಇಟ್ಟುಕೊಳ್ಳುವಂಥ ಹೆಸರಾಗಿತ್ತು ಅದು.

ಈಗಿನ ಅಮೆರಿಕದ ನೈರುತ್ಯದಲ್ಲಿರುವ ನವಾಹೋ ಜನರಲ್ಲಿ ಕಯೋಟಿಯ ಕಥೆಗಳು ಬಹಳ. ಕಥೆಗಳ ಕಯೋಟಿ ಮೋಸ ಮಾಡುತ್ತಾನೆ, ತಾನೂ ಮೋಸ ಹೋಗುತ್ತಾನೆ, ಸಾಯುತ್ತಾನೆ, ಮತ್ತೆ ಎದ್ದು ಬರುತ್ತಾನೆ. ಹೇಗೆ ಬಾಳಬೇಕು ಎಂಬುದನ್ನು, ಹೇಗೆ ಬಾಳಬಾರದು ಎಂದು ತೋರಿಸಿ ಕಲಿಸುತ್ತಾನೆ. ಈ ಕಥೆಗಳನ್ನು ಬೇಕಾದಾಗ ಹೇಳುವಂತಿಲ್ಲ. ಮೊದಲ ಇಬ್ಬನಿ ಗಟ್ಟಿಯಾದ ಮೇಲೆ, ಹಾವು ಕರಡಿಗಳು ನಿದ್ದೆಗೆ ಹೋದ ಮೇಲೆ, ಮುಂದಿನ ಗುಡುಗು ಕೇಳುವ ಮೊದಲು, ಅಂದರೆ ಚಳಿಗಾಲದ ರಾತ್ರಿಗಳಲ್ಲಿ ಮಾತ್ರ ಹೇಳಬೇಕು. ಅದೇ ಚಳಿಗಾಲವನ್ನೇ ಬೇಟೆಗಾರರೂ ತಮ್ಮ ಕಾಲವಾಗಿ ಮಾಡಿಕೊಂಡರು. ಅದಕ್ಕೆ ಕಾರಣಗಳಿವೆ, ಮುಂದೆ ನೋಡೋಣ.

ಬೋನಿಗೆ ಬೀಳದ ಪ್ರಾಣಿ

1804ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್‌ರ ತಂಡ ಮಿಸೌರಿ ನದಿಯ ಗುಂಟ ಪಶ್ಚಿಮಕ್ಕೆ ಹೊರಟಾಗ, ನರಿಯೂ ಅಲ್ಲದ ತೋಳವೂ ಅಲ್ಲದ ಈ ಪ್ರಾಣಿಯನ್ನು ಕಂಡಿತು. ‘ಹುಲ್ಲುಗಾವಲಿನ ತೋಳ’ ಎಂದು ಬರೆದುಕೊಂಡಿತು. 1819–20ರ ಚಳಿಗಾಲದಲ್ಲಿ ಮೇಜರ್ ಲಾಂಗ್‌ನ ತಂಡ ಈಗಿನ ನೆಬ್ರಾಸ್ಕಾದಲ್ಲಿ ಅದೇ ನದಿಯ ದಂಡೆಯ ಮೇಲೆ ಬಿಡಾರ ಹೂಡಿತ್ತು. ತಂಡದ ಜೀವವಿಜ್ಞಾನಿ ಥಾಮಸ್ ಸೇಗೆ ಪರೀಕ್ಷೆ ಮಾಡಲು ಒಂದು ಕಯೋಟಿ ಬೇಕಾಗಿತ್ತು. ಚಿತ್ರಕಾರ ಟಿಷಿಯನ್ ಪೀಲ್ ಬಗೆಬಗೆಯ ಬೋನು ಹೂಡಿದ. ಕಯೋಟಿ ಒಂದರ ಕೆಳಗೆ ನೆಲ ತೋಡಿ ಮಾಂಸ ತಿಂದು ಹೋಯಿತು, ಇನ್ನೊಂದರ ಸುತ್ತ ಸುತ್ತಿ ಹಿಂದಿರುಗಿತು. ಹಲವು ಸೋಲುಗಳ ಮೇಲೆ ಮರದ ದಿಮ್ಮಿ ಬೀಳುವ ಬೋನಿಗೆ ಕೊನೆಗೊಂದು ಸಿಕ್ಕಿತು. 1823ರಲ್ಲಿ ಸೇ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ: ಕ್ಯಾನಿಸ್ ಲ್ಯಾಟ್ರಾನ್ಸ್, ‘ಬೊಗಳುವ ನಾಯಿ’. ಅದರ ರೂಪಕ್ಕಿಂತ ದನಿಯೇ ವಿಜ್ಞಾನಿಯ ಗಮನ ಸೆಳೆದಿತ್ತು.

ಆ ದನಿಗೆ ಒಂದು ಗುಣವಿದೆ. ಸಂಜೆಯಲ್ಲಿ ಎರಡೇ ಕಯೋಟಿಗಳು ಕೂಡಿ ಊಳಿಟ್ಟರೆ ದೂರದಲ್ಲಿ ಕೇಳುವವನಿಗೆ ಏಳೆಂಟು ಇರುವಂತೆ ತೋರುತ್ತದೆ. ಸ್ವರ ಏರುತ್ತದೆ, ಇಳಿಯುತ್ತದೆ, ನಡುವೆ ಬೊಗಳು, ಕಿರುಚು, ಕುಂಯ್ ಎನ್ನುವ ದನಿ ಬೆರೆಯುತ್ತದೆ. ಫಿಲಿಪ್ ಲೆನರ್ ಎಂಬ ವಿಜ್ಞಾನಿ 1978ರಲ್ಲಿ ಕಯೋಟಿಯ ದನಿಗಳನ್ನು ಹನ್ನೊಂದು ಬಗೆಯಾಗಿ ವಿಂಗಡಿಸಿ ಒಂದು ನಿಘಂಟನ್ನೇ ಮಾಡಿದರು. ಒಂಟಿ ಊಳು ‘ನಾನಿಲ್ಲಿದ್ದೇನೆ’ ಎನ್ನುವುದಕ್ಕೆ, ಗುಂಪಿನ ಊಳು ‘ಇದು ನಮ್ಮ ಜಾಗ’ ಎನ್ನುವುದಕ್ಕೆ, ಹೀಗೆ. ವಿಜ್ಞಾನ ಇದನ್ನು ಬರೆದಿಡುವ ಮೊದಲೇ ಟೆಕ್ಸಾಸಿನ ಬೇಟೆಗಾರರು ಇದರ ಅರ್ಧವನ್ನು ಕಿವಿಯಲ್ಲೇ ಕಲಿತಿದ್ದರು.

ವಿಷದ ಕಾಲ

ಅಲ್ಲಿಗೆ ಹೋಗುವ ಮುನ್ನ ವಿಷದ ಕಥೆಯನ್ನು ಹೇಳಬೇಕು. 19ನೆಯ ಶತಮಾನದ ಎರಡನೆಯ ಅರ್ಧದಲ್ಲಿ ಕಾಡೆಮ್ಮೆಗಳ ಮಹಾಸಂಹಾರ ನಡೆಯಿತು. ಅದರ ಜೊತೆಗೇ ಸತ್ತ ಕಾಡೆಮ್ಮೆಯ ಮೈಗೆ ಸ್ಟ್ರಿಕ್ನೀನ್ ಸವರಿ ತೋಳಗಳನ್ನು ಕೊಂದು ತೊಗಲು ಮಾರುವ ಕಸುಬುದಾರರು ಹುಟ್ಟಿಕೊಂಡರು. ವಿಷಕ್ಕೆ ತೋಳ, ಕಯೋಟಿ, ಹದ್ದು ಎಂಬ ಭೇದವಿಲ್ಲ. ಕಾಡೆಮ್ಮೆ ಹೋದ ಹುಲ್ಲುಗಾವಲಿಗೆ ದನ ಬಂತು, ಕುರಿ ಬಂತು. ಕುರಿ ಬಂದ ಮೇಲೆ ಕಯೋಟಿ ಶತ್ರುವಾಯಿತು. ತಲೆಗಿಷ್ಟು ಎಂದು ಬಹುಮಾನ ಕೊಡುವುದನ್ನು ರಾಜ್ಯಗಳು ಶುರುಮಾಡಿದವು.

1915ರಲ್ಲಿ ಅಮೆರಿಕದ ಸಂಸತ್ತು ಈ ಕೆಲಸಕ್ಕೆ 1,25,000 ಡಾಲರ್ ಮಂಜೂರು ಮಾಡಿತು. ಕೇಂದ್ರದ ಜೈವಿಕ ಸಮೀಕ್ಷಾ ಇಲಾಖೆ ಸಂಬಳದ ಬೇಟೆಗಾರರನ್ನು ನೇಮಿಸಿತು. ಡೆನ್ವರ್ ನಗರದಲ್ಲಿ ವಿಷಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದು ನಡೆಯುತ್ತಿತ್ತು. ಅದಕ್ಕೆ ಇಟ್ಟ ಹೆಸರೇ ‘ನಿರ್ಮೂಲನ ವಿಧಾನಗಳ ಪ್ರಯೋಗಾಲಯ’. ಮುಚ್ಚುಮರೆ ಏನೂ ಇರಲಿಲ್ಲ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಒಳಗೇ 1907ರಿಂದ 1935ರವರೆಗೆ 4 ಸಾವಿರಕ್ಕೂ ಹೆಚ್ಚು ಕಯೋಟಿಗಳನ್ನು ಕೊಂದರು. ಉದ್ಯಾನದ ಕೊನೆಯ ತೋಳಗಳು 1926ರಲ್ಲಿ ಸತ್ತವು. 1931ರಲ್ಲಿ ಬಂದ ಪ್ರಾಣಿಹಾನಿ ನಿಯಂತ್ರಣ ಕಾಯ್ದೆ ಇಡೀ ಕೆಲಸಕ್ಕೆ ಕಾನೂನಿನ ಬಲ ಕೊಟ್ಟಿತು.

ಎದುರು ಮಾತಾಡಿದವರೂ ಇದ್ದರು. ಸಸ್ತನಿ ವಿಜ್ಞಾನಿಗಳ ಸಂಘ 1924ರಿಂದಲೇ ಈ ವಿಷಪ್ರಯೋಗದ ವಿರುದ್ಧ ದನಿಯೆತ್ತಿತು. ಆಡಾಲ್ಫ್ ಮ್ಯೂರಿ ಎಂಬ ಸರ್ಕಾರಿ ಜೀವವಿಜ್ಞಾನಿ 1930ರ ದಶಕದ ಕೊನೆಯಲ್ಲಿ ಯೆಲ್ಲೊಸ್ಟೋನಿನಲ್ಲಿ ಅಲೆದು, ಕಯೋಟಿಯ 5 ಸಾವಿರಕ್ಕೂ ಹೆಚ್ಚು ಹಿಕ್ಕೆಗಳನ್ನು ಕೂಡಿಸಿ, ಒಂದೊಂದನ್ನೂ ಬಿಡಿಸಿ ನೋಡಿದರು. ಅದರಲ್ಲಿದ್ದದ್ದು ಹೆಚ್ಚಾಗಿ ಇಲಿ, ಹೆಗ್ಗಣದಂಥ ದಂಶಕಗಳು, ಮಿಡತೆ, ಚಳಿಗೆ ಸತ್ತ ಎಲ್ಕ್ ಜಿಂಕೆಯ ಮಾಂಸ. ಕಯೋಟಿಯಿಂದಾಗಿ ಜಿಂಕೆಗಳು ಅಳಿಯುತ್ತಿವೆ ಎಂಬ ಮಾತಿಗೆ ಆಧಾರವಿಲ್ಲ ಎಂದು 1940ರಲ್ಲಿ ವರದಿ ಕೊಟ್ಟರು. ಉದ್ಯಾನದೊಳಗೆ ಕೊಲ್ಲುವುದು ನಿಂತಿತ್ತು, ಆದರೆ ಹೊರಗೆ ಇನ್ನೂ ತೀಕ್ಷ್ಣವಾದ ವಿಷಗಳು ಬಂದವು. ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದ ಕಾಂಪೌಂಡ್ 1080ಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ತಿಂದು ಸತ್ತ ಪ್ರಾಣಿಯನ್ನು ತಿಂದದ್ದೂ ಸಾಯಬಹುದು.

ಮೊಲದ ದನಿ

ಇದೇ ಕಾಲಕ್ಕೆ ಟೆಕ್ಸಾಸಿನ ಮಾರ್ಬಲ್ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ಬರ್ನಮ್ ಎಂಬ ಕುಟುಂಬವಿತ್ತು. ಅಪ್ಪ ಮಾರ್ಟನ್ ಬರ್ನಮ್ ಬರಿಯ ಬಾಯಿಯಿಂದಲೇ ಮೊಲದ ಕಿರುಚಾಟವನ್ನು ಅನುಕರಿಸಿ ನರಿಗಳನ್ನು ಹತ್ತಿರಕ್ಕೆ ಕರೆಯುತ್ತಿದ್ದ. ಮಕ್ಕಳಾದ ಮರ್ರಿ ಮತ್ತು ವಿನ್‌ಸ್ಟನ್ 1950ರ ದಶಕದಲ್ಲಿ ಅದೇ ದನಿ ಬರುವ ಪೀಪಿಗಳನ್ನು ಮಾಡಿ ಅಂಚೆಯ ಮೂಲಕ ಮಾರತೊಡಗಿದರು. ಒಂದು ಮರದ ಕೊಳವೆ, ಒಳಗೆ ತೆಳು ಲೋಹದ ನಾಲಿಗೆ, ಅಷ್ಟೆ. ಊದುವ ಕಲೆ ಮಾತ್ರ ಕಲಿಯಬೇಕು. ನೋವಿನಲ್ಲಿರುವ ಪ್ರಾಣಿಯ ಉಸಿರು ಹೇಗೆ ಕಡಿದು ಕಡಿದು ಬರುತ್ತದೋ ಹಾಗೆ ಊದಬೇಕು, ಕೊನೆಗೆ ಸೋಲಬೇಕು.

ಇದು ಬರ್ನಮ್‌ಗಳು ಕಂಡುಹಿಡಿದ ಉಪಾಯವೇನಲ್ಲ. ಹುಲ್ಲೆಸಳನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಊದಿ ಪ್ರಾಣಿಗಳನ್ನು ಕರೆಯುವುದು ಬಹಳ ಕಡೆಗಳ ಬೇಟೆಗಾರರಿಗೆ ಗೊತ್ತಿತ್ತು. ಬರ್ನಮ್‌ಗಳು ಅದನ್ನು ಪೇಟೆಯ ಸರಕಾಗಿ ಮಾಡಿದರು. ಅದೇ ರಾಜ್ಯದ ವೇಕೊ ಊರಿನ ಜಾನಿ ಸ್ಟೀವರ್ಟ್ ಇನ್ನೊಂದು ಹೆಜ್ಜೆ ಇಟ್ಟ. ನಿಜವಾದ ಪ್ರಾಣಿಗಳ ಸಂಕಟದ ದನಿಯನ್ನೇ ಮುದ್ರಿಸಿ ಗ್ರಾಮಫೋನ್ ತಟ್ಟೆಯ ಮೇಲೆ ಮಾರಿದ. ತಟ್ಟೆಯ ನಂತರ ಕ್ಯಾಸೆಟ್ ಬಂತು, ಈಗ ರಿಮೋಟ್ ಇರುವ ಡಿಜಿಟಲ್ ಪೆಟ್ಟಿಗೆ. ಅದರಲ್ಲಿ ನೂರಾರು ದನಿಗಳು: ಮೊಲ, ಮರಕುಟುಕ, ಜಿಂಕೆಮರಿ, ಹೆಣ್ಣು ಕಯೋಟಿಯ ಕರೆ, ಗಂಡಿನ ಸವಾಲು, ನೋವಿನಲ್ಲಿರುವ ಕಯೋಟಿ ಮರಿ.

ಚಳಿಗಾಲವೇ ಏಕೆ? ಮೊದಲ ಕಾರಣ ತೊಗಲು. ನವೆಂಬರಿನಿಂದ ಫೆಬ್ರವರಿಯವರೆಗೆ ತುಪ್ಪಳ ದಟ್ಟವಾಗಿರುತ್ತದೆ, ಬೆಲೆ ಸಿಗುತ್ತದೆ. ಎರಡನೆಯದು ಹಸಿವು. ಹಿಮ ಬಿದ್ದ ಮೇಲೆ ಇಲಿಗಳು ಹಿಮದಡಿ ಅಡಗುತ್ತವೆ, ಮಿಡತೆಗಳಿಲ್ಲ, ಹಣ್ಣಿಲ್ಲ. ಕೊರೆಯುವ ಚಳಿಯಲ್ಲಿ ಮೈ ಬೆಚ್ಚಗಿಡಲು ಹೊಟ್ಟೆ ಹೆಚ್ಚು ಕೇಳುತ್ತದೆ. ಆಗ ದೂರದಲ್ಲೊಂದು ಮೊಲ ಕಿರುಚಿದರೆ ಅನುಮಾನಕ್ಕಿಂತ ಹಸಿವು ಮುಂದೆ ಓಡುತ್ತದೆ. ಮೂರನೆಯದು ಕೂಡುವ ಕಾಲ. ಜನವರಿಯಿಂದ ಮಾರ್ಚ್‌ವರೆಗೆ ಜೋಡಿಗಳು ತಮ್ಮ ಜಾಗವನ್ನು ಬಿಗಿಯಾಗಿ ಕಾಯುತ್ತವೆ. ಅಪರಿಚಿತ ಊಳು ಕೇಳಿದರೆ ಸುಮ್ಮನಿರಲಾರವು. ಆದ್ದರಿಂದ ಡಿಸೆಂಬರಿನಲ್ಲಿ ಮೊಲದ ದನಿ, ಫೆಬ್ರವರಿಯಲ್ಲಿ ಕಯೋಟಿಯದೇ ದನಿ ಎಂಬುದು ಬೇಟೆಗಾರರ ಲೆಕ್ಕ.

ಬೇಟೆ ನಡೆಯುವ ಕ್ರಮವೂ ಹೀಗೆಯೇ ಲೆಕ್ಕದ್ದು. ಬೆಳಗಾಗುವ ಮುನ್ನ, ಬಿಳಿ ಬಟ್ಟೆ ತೊಟ್ಟು, ಗಾಡಿಯನ್ನು ದಿಬ್ಬದ ಹಿಂದೆ ನಿಲ್ಲಿಸಿ, ಬಾಗಿಲು ಸದ್ದಾಗದಂತೆ ಮುಚ್ಚಿ ನಡೆದು ಹೋಗುತ್ತಾರೆ. ಗಾಳಿ ಮುಖಕ್ಕೆ ಬೀಸಬೇಕು. ಏಕೆಂದರೆ ಕಯೋಟಿ ದನಿಯನ್ನು ಕಿವಿಯಿಂದ ಕೇಳಿದರೂ ಮೂಗಿನಿಂದ ಖಚಿತ ಮಾಡಿಕೊಳ್ಳುತ್ತದೆ. ಸುತ್ತು ಹಾಕಿ ಗಾಳಿಯ ಕೆಳಗಿನ ಬದಿಗೆ ಹೋಗಿ ವಾಸನೆ ನೋಡುತ್ತದೆ. ಆ ಸುತ್ತು ಮುಗಿಯುವ ಮೊದಲೇ ಗುಂಡು ಹಾರಬೇಕು. ಮೊದಲು ಮೆಲ್ಲಗೆ ಕರೆಯುತ್ತಾರೆ, ಹತ್ತಿರದಲ್ಲೇ ಒಂದಿದ್ದರೆ ಬೆಚ್ಚಬಾರದೆಂದು. ಆಮೇಲೆ ಜೋರಾಗಿ. ಒಂದೊಂದು ಸಲ ಕಯೋಟಿಗಿಂತ ಮೊದಲು ಕಾಗೆಗಳೂ ಮ್ಯಾಗ್‌ಪೈ ಹಕ್ಕಿಗಳೂ ಬಂದು ಸುತ್ತುತ್ತವೆ. ಹದಿನೈದು ಇಪ್ಪತ್ತು ನಿಮಿಷ ಕಾದು, ಏನೂ ಬರದಿದ್ದರೆ ಎದ್ದು ಮುಂದಿನ ಜಾಗಕ್ಕೆ. ಗುರಿ ತಪ್ಪಿ ಉಳಿದುಕೊಂಡ ಕಯೋಟಿ ಆ ದನಿಯನ್ನು ಮರೆಯುವುದಿಲ್ಲ. ಅಂಥದ್ದನ್ನು ‘ಓದು ಕಲಿತದ್ದು’ ಎಂದು ಬೇಟೆಗಾರರು ನಗೆಯಾಡುತ್ತಾರೆ.

ದೀವ

ಕರೆಯ ಜೊತೆಗೆ ಬೊಂಬೆ ಏಕೆ ಬೇಕು? ಕಯೋಟಿಯ ಕಣ್ಣಿಗೆ ಕೆಲಸ ಕೊಡುವುದಕ್ಕೆ. ದನಿ ಬಂದ ಜಾಗದಲ್ಲಿ ಏನೂ ಕಾಣದಿದ್ದರೆ ಅದು ನಿಂತು ಸುತ್ತ ನೋಡುತ್ತದೆ, ಆಗ ಅವಿತವನು ಸಿಕ್ಕಿಬೀಳುತ್ತಾನೆ. ಹಳೆಯ ಬೇಟೆಗಾರರು ಒಂದು ಕಡ್ಡಿಗೆ ದಾರದಲ್ಲಿ ಗರಿ ಕಟ್ಟಿ ನೆಡುತ್ತಿದ್ದರು, ಗಾಳಿಗೆ ಅದು ಅಲುಗಾಡುತ್ತಿತ್ತು. ಈಗ ಬ್ಯಾಟರಿಯಿಂದ ತುಡಿಯುವ ತುಪ್ಪಳದ ತುಂಡು, ಹುಲ್ಲಿನ ಮೇಲೆ ಹೊರಳುವ ಮೊಲದ ಬೊಂಬೆ. ಕೂಡುವ ಕಾಲದಲ್ಲಾದರೆ ನಿಂತಿರುವ ಕಯೋಟಿಯ ಬೊಂಬೆಯನ್ನೇ ಇಡುತ್ತಾರೆ. ದನಿಪೆಟ್ಟಿಗೆಯನ್ನು ಬೊಂಬೆಯ ಬಳಿ ಇಟ್ಟು ತಾವು ದೂರ ಕೂರುತ್ತಾರೆ.

ಕನ್ನಡಕ್ಕೆ ಈ ಉಪಾಯ ಹೊಸದಲ್ಲ, ಇದಕ್ಕೆ ನಮ್ಮಲ್ಲಿ ಹಳೆಯ ಮಾತೇ ಇದೆ: ದೀವ. ಕಾಡಿನ ಮೃಗವನ್ನು ಸೆಳೆಯಲು ಪಳಗಿಸಿದ ಮೃಗವನ್ನು ಮುಂದೆ ಬಿಡುವುದು ದೀವದ ಬೇಟೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಪಳಗಿದ ಜಿಂಕೆಯಿಂದ ಜಿಂಕೆ ಹಿಡಿಯುವ ವಿವರವಿದೆ. ಪಂಜರದ ಗೌಜಲ ಹಕ್ಕಿಯನ್ನು ಕೂಗಿಸಿ, ಜಗಳಕ್ಕೆ ಬಂದ ಕಾಡಿನ ಗೌಜಲನ್ನು ಉರುಲಿಗೆ ಬೀಳಿಸುವುದು ನಮ್ಮ ಬಯಲುಸೀಮೆಯ ಹಕ್ಕಿ ಹಿಡಿಯುವವರಿಗೆ ಗೊತ್ತಿದ್ದ ವಿದ್ಯೆ. ಅಲ್ಲಿ ಫೆಬ್ರವರಿಯಲ್ಲಿ ಕಯೋಟಿಯ ಮೇಲೆ ಹೂಡುವುದೂ ಇದನ್ನೇ: ತನ್ನ ಜಾಗವನ್ನು ಕಾಯುವ ಪ್ರಾಣಿಯ ರೋಷವನ್ನೇ ಅದರ ಮೇಲೆ ತಿರುಗಿಸುವುದು.

ಇನ್ನೂ ಹಿಂದಕ್ಕೆ ಹೋದರೆ ಮಾರೀಚನಿದ್ದಾನೆ. ಚಿನ್ನದ ಜಿಂಕೆಯಾಗಿ ಬಂದವನು ದೀವವೂ ಹೌದು, ಸಾಯುವಾಗ ರಾಮನ ದನಿಯಲ್ಲಿ ‘ಹಾ ಲಕ್ಷ್ಮಣಾ’ ಎಂದು ಕೂಗಿದವನು ಕರೆಯೂ ಹೌದು. ಆ ಕೂಗಿಗೆ ಓಗೊಟ್ಟದ್ದರಲ್ಲಿ ತಪ್ಪೇನಿತ್ತು? ಸಂಕಟದಲ್ಲಿರುವವರ ದನಿ ಕೇಳಿದರೆ ಓಡಿಹೋಗಬೇಕೆಂಬುದೇ ಸರಿಯಾದ ಸ್ವಭಾವ. ಬಲೆ ಬಿದ್ದದ್ದು ಆ ಸ್ವಭಾವಕ್ಕೆ. ಕಯೋಟಿ ಬೇಟೆಯಲ್ಲಿ ಮನಸ್ಸನ್ನು ಕಾಡುವ ಜಾಗವೂ ಇದೇ. ಮೊಲದ ದನಿಗೆ ಬರುವ ಕಯೋಟಿ ಊಟಕ್ಕೆ ಬರುತ್ತದೆ, ಅದರಲ್ಲಿ ಬೇಟೆಗಾರ ಬೇಟೆಗಾರನನ್ನು ಮೋಸಗೊಳಿಸಿದಂತಾಯಿತು. ಮರಿಯ ಅಳುವಿಗೆ ಬರುವ ಕಯೋಟಿಯ ಮಾತು ಬೇರೆ. ಅದು ತನ್ನ ಪ್ರಾಣದ ಹಂಗು ತೊರೆದು ಬರುತ್ತದೆ, ಆದ್ದರಿಂದಲೇ ಆ ದನಿಗೆ ಬೇಟೆಗಾರರಲ್ಲಿ ಬೆಲೆ. ಚಿಕಾಗೋದ ಕಯೋಟಿಗಳ ವಂಶವಾಹಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೋಡಿಯಾದ ಗಂಡುಹೆಣ್ಣುಗಳು ಬೇರೆಯವರೊಡನೆ ಕೂಡಿದ ಒಂದೇ ಒಂದು ನಿದರ್ಶನ ಸಿಗಲಿಲ್ಲ. ಅಷ್ಟು ಬಿಗಿಯಾದ ಸಂಸಾರದ ಬಾಗಿಲಲ್ಲಿ ನಿಂತು ಹಾಕುವ ಸುಳ್ಳು ಕೂಗು ಇದು.

ಲೆಕ್ಕ ತಪ್ಪಿದ್ದು ಎಲ್ಲಿ

ವಿಷ, ಬೋನು, ವಿಮಾನದಿಂದ ಗುಂಡು, ಕರೆಬೇಟೆ, ಇಷ್ಟೆಲ್ಲ ಸೇರಿ ಕಯೋಟಿಯನ್ನು ಕಡಿಮೆ ಮಾಡಿದವೇ? 1975ರಲ್ಲಿ ಕ್ಯಾಲಿಫೋರ್ನಿಯಾದ ಕಾನಲಿ ಮತ್ತು ಲಾಂಗ್‌ಹರ್ಸ್ಟ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದರು. ಒಂದು ಪ್ರದೇಶದ ಕಯೋಟಿಗಳಲ್ಲಿ ನೂರಕ್ಕೆ 75ನ್ನು ಪ್ರತಿ ವರ್ಷ ಬಿಡದೆ ಕೊಂದರೂ ಅವು ಅಳಿಯಲು ಐವತ್ತು ವರ್ಷಕ್ಕೂ ಹೆಚ್ಚು ಬೇಕು ಎಂದು ಅವರ ಮಾದರಿ ಹೇಳಿತು. ಅಷ್ಟು ಕೊಲ್ಲುವುದು ಯಾರಿಂದಲೂ ಆಗದ ಮಾತು.

ಕಾರಣ ಕಯೋಟಿಯ ಮನೆತನದಲ್ಲಿದೆ. ಯಾರೂ ಕೆಣಕದ ಕಡೆ ಒಂದು ಗುಂಪಿನಲ್ಲಿ ಹಿರಿಯ ಜೋಡಿ ಮಾತ್ರ ಮರಿ ಹಾಕುತ್ತದೆ. ಬೆಳೆದ ಮಕ್ಕಳು ಜೊತೆಗಿದ್ದು ನೆರವಾಗುತ್ತವೆ, ಇಲ್ಲವೇ ಹೊಸ ಜಾಗ ಹುಡುಕಿ ಹೊರಡುತ್ತವೆ. ಕೊಲ್ಲುವುದು ಶುರುವಾದರೆ ಈ ಕಟ್ಟು ಒಡೆಯುತ್ತದೆ. ಕಿರಿಯ ಹೆಣ್ಣುಗಳೂ ಮರಿ ಹಾಕುತ್ತವೆ. ಬಾಯಿ ಕಡಿಮೆಯಾಗಿ ತಿನಿಸು ಹೆಚ್ಚಾದ್ದರಿಂದ ಹೆಚ್ಚು ಮರಿಗಳು ಬದುಕುತ್ತವೆ. ತೆರವಾದ ಜಾಗಕ್ಕೆ ಹೊರಗಿನ ಅಲೆಮಾರಿ ಬಂದು ನೆಲೆಸುತ್ತದೆ. ಇನ್ನೊಂದು ಕಾರಣ ಮನುಷ್ಯರೇ ಒದಗಿಸಿದ್ದು. ಕಯೋಟಿಯನ್ನು ಅಂಕೆಯಲ್ಲಿಟ್ಟಿದ್ದದ್ದು ತೋಳ. ತೋಳವನ್ನು ಅಳಿಸಿದ್ದರಿಂದ ಕಯೋಟಿಗೆ ಇಡೀ ಖಂಡ ತೆರೆದುಕೊಂಡಿತು. ಇದಕ್ಕೆ ಪುರಾವೆ ಯೆಲ್ಲೊಸ್ಟೋನ್. ಅಲ್ಲಿಗೆ 1995ರಲ್ಲಿ ತೋಳಗಳನ್ನು ಮರಳಿ ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಉದ್ಯಾನದ ಉತ್ತರ ಭಾಗದ ಕಯೋಟಿಗಳು ಸುಮಾರು ಅರ್ಧಕ್ಕಿಳಿದವು.

ಕುರಿಯವರ ಮಾತು

ಇಷ್ಟು ಹೇಳಿ ನಿಲ್ಲಿಸಿದರೆ ಕುರಿ ಸಾಕುವವರಿಗೆ ಅನ್ಯಾಯವಾದೀತು. ಅಮೆರಿಕದಲ್ಲಿ ಕಾಡುಪ್ರಾಣಿಗಳು ಕೊಲ್ಲುವ ಕುರಿಮರಿಗಳಲ್ಲಿ ದೊಡ್ಡ ಪಾಲು ಕಯೋಟಿಯದೇ. ಮರಿ ಹಾಕುವ ಕಾಲದಲ್ಲಿ ಬೆಳಗ್ಗೆ ಎದ್ದು ಹಟ್ಟಿಗೆ ಹೋದರೆ ಗಂಟಲು ಹರಿದ ಮರಿಗಳು ಕಾಣುವುದು ಎಂಥ ನೋವು ಎಂಬುದನ್ನು ನಮ್ಮ ಕುರುಬರನ್ನು ಕೇಳಬೇಕು. ಅಲ್ಲಿಯ ಕುರಿ ಸಾಕಣೆಯೇ ಕುಸಿದಿದೆ. 1942ರಲ್ಲಿ 5 ಕೋಟಿ 60 ಲಕ್ಷದಷ್ಟಿದ್ದ ಕುರಿಗಳು ಈಗ 50 ಲಕ್ಷದ ಆಸುಪಾಸಿಗೆ ಇಳಿದಿವೆ. ಉಣ್ಣೆಗೆ ಬದಲು ನೈಲಾನ್ ಬಂದದ್ದು, ಮಾಂಸದ ರುಚಿ ಬದಲಾದದ್ದು, ಆಳು ಸಿಗದ್ದು ಎಲ್ಲ ಅದಕ್ಕೆ ಕಾರಣ. ಆದರೆ ನೈಲಾನಿಗೆ ಗುಂಡು ಹೊಡೆಯಲಾಗದು.

ಹಾಗಾದರೆ ಚಳಿಗಾಲದ ಬೇಟೆಯಿಂದ ಕುರಿಯವನಿಗೆ ಲಾಭವಿದೆಯೇ? ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳು, ಕುರಿಗಳನ್ನು ಕೊಲ್ಲುವುದು ಹೆಚ್ಚಾಗಿ ಮರಿಗಳಿಗೆ ಉಣಿಸಬೇಕಾದ ಹಿರಿಯ ಜೋಡಿಗಳು ಎಂದು ತೋರಿಸಿದವು. ಮನುಷ್ಯರ ಕೈಗೆ ಸುಲಭವಾಗಿ ಸಿಗುವುದು ಅನುಭವವಿಲ್ಲದ ಎಳೆಯವು. ಜನವರಿಯಲ್ಲಿ ಬಯಲಲ್ಲಿ ಹತ್ತು ಎಳೆಯ ಅಲೆಮಾರಿಗಳನ್ನು ಕೊಂದರೆ ಏಪ್ರಿಲ್‌ನ ಕುರಿಮರಿ ಉಳಿಯುತ್ತದೆ ಎಂಬ ಭರವಸೆ ಇಲ್ಲ. ಕುರಿ ಕೊಂದ ಜೋಡಿಯನ್ನೇ ಗುರುತಿಸಿ ತೆಗೆದರೆ ಸ್ವಲ್ಪ ಕಾಲ ಉಪಯೋಗವಾಗುತ್ತದೆ. 1970ರ ದಶಕದಿಂದ ಅಲ್ಲಿ ಕಾವಲು ನಾಯಿಗಳನ್ನು ಹಿಂಡಿನೊಂದಿಗೆ ಬೆಳೆಸುವ ಪದ್ಧತಿ ಹರಡಿತು, ಅದಕ್ಕಾಗಿ ಯುರೋಪ್ ಮತ್ತು ಟರ್ಕಿಯ ತಳಿಗಳನ್ನು ತರಿಸಿಕೊಂಡರು. ಸಾನ್ ಫ್ರಾನ್ಸಿಸ್ಕೋ ಪಕ್ಕದ ಮರೀನ್ ಕೌಂಟಿ 2000ದಲ್ಲಿ ಕೇಂದ್ರದ ಬೇಟೆಗಾರರನ್ನು ಬಿಟ್ಟು, ನಾಯಿಗೂ ಬೇಲಿಗೂ ಹಣ ಕೊಡುವ ದಾರಿ ಹಿಡಿಯಿತು. ಯೂಟಾ ರಾಜ್ಯ ಇದಕ್ಕೆ ತಿರುಗಿ, 2012ರಿಂದ ಪ್ರತಿ ಕಯೋಟಿಗೆ 50 ಡಾಲರ್ ಕೊಡತೊಡಗಿತು. ಕೇಂದ್ರದ ಇಲಾಖೆಯೂ ವರ್ಷವರ್ಷ ಹತ್ತಾರು ಸಾವಿರ ಕಯೋಟಿಗಳನ್ನು ಕೊಲ್ಲುತ್ತಲೇ ಬಂದಿದೆ.

1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಕೇಂದ್ರದ ಜಮೀನುಗಳಲ್ಲಿ ಇಂಥ ವಿಷಗಳನ್ನು ನಿಷೇಧಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1982ರಲ್ಲಿ ರೇಗನ್ ನಿಕ್ಸನ್‌ರ ಆಜ್ಞೆಯನ್ನು ಹಿಂತೆಗೆದುಕೊಂಡರು. ಈಗ ಅಲ್ಲಿ ವಾದ ನಡೆಯುತ್ತಿರುವುದು ಸ್ಪರ್ಧೆಗಳ ಸುತ್ತ. ಚಳಿಗಾಲದ ವಾರಾಂತ್ಯಗಳಲ್ಲಿ ಹೆಚ್ಚು ಕಯೋಟಿ ಕೊಂದವರಿಗೆ ನಗದು, ಬಂದೂಕು ಬಹುಮಾನ. ಹೆಣಗಳನ್ನು ಸಾಲಾಗಿ ಹಾಸಿ ಎಣಿಸುತ್ತಾರೆ. ಇದನ್ನು ಮೊದಲು ನಿಲ್ಲಿಸಿದ್ದು ಕ್ಯಾಲಿಫೋರ್ನಿಯಾ, 2014ರಲ್ಲಿ. ಆಮೇಲೆ ವರ್ಮಾಂಟ್, ನ್ಯೂ ಮೆಕ್ಸಿಕೋ, ಅರಿಜೋನಾ, ಕೊಲರಾಡೋ, ನ್ಯೂಯಾರ್ಕ್ ಮೊದಲಾದ ರಾಜ್ಯಗಳು. ಹಳೆಯ ಕರೆಗಾರರಲ್ಲೂ ಹಲವರಿಗೆ ಸ್ಪರ್ಧೆ ಹಿಡಿಸುವುದಿಲ್ಲ. ಇನ್ನೊಂದು ಕಡೆಯಿಂದ ತೊಗಲಿನ ಪೇಟೆಯೂ ಇಳಿಯಿತು. ಚಳಿಕೋಟಿನ ಟೊಪ್ಪಿಗೆಗೆ ಕಯೋಟಿಯ ತುಪ್ಪಳ ಹೊಲಿಯುತ್ತಿದ್ದ ಕೆನಡಾ ಗೂಸ್ ಕಂಪನಿ ತುಪ್ಪಳ ಬಳಸುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು.

ಊರಿಗೆ ಬಂದ ಕಯೋಟಿ

ಇಷ್ಟರಲ್ಲಿ ಕಯೋಟಿ ಹವಾಯಿ ಬಿಟ್ಟು ಅಮೆರಿಕದ ಉಳಿದ 49 ರಾಜ್ಯಗಳನ್ನೂ ತಲುಪಿದೆ, ದಕ್ಷಿಣದಲ್ಲಿ ಪನಾಮಾವರೆಗೆ ಇಳಿದಿದೆ. 1999ರಲ್ಲಿ ಒಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೇ ಬಂತು. ಚಿಕಾಗೋದಲ್ಲಿ 2000ದಿಂದ ಸ್ಟ್ಯಾನ್ಲಿ ಗೆರ್ಟ್ ಅವರ ತಂಡ ಅವುಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಅಧ್ಯಯನ ಮಾಡುತ್ತಿದೆ. ಊರಿನ ಕಯೋಟಿ ಹಗಲಿನ ಓಡಾಟ ಬಿಟ್ಟು ರಾತ್ರಿಗೆ ಹೊಂದಿಕೊಂಡಿದೆ, ರೈಲ್ವೆ ಹಳಿಯ ಪಕ್ಕ, ಸ್ಮಶಾನದಲ್ಲಿ, ಗಾಲ್ಫ್ ಮೈದಾನದಲ್ಲಿ ಸಂಸಾರ ಹೂಡಿದೆ. ಮುಖ್ಯ ಆಹಾರ ಇಲಿ, ಮೊಲ. ಊರು ಬಿಟ್ಟು ಊರಿಗೆ ಬಂದು, ಸಿಕ್ಕಷ್ಟು ಜಾಗದಲ್ಲಿ, ಬೇರೆಯವರ ಸಮಯಕ್ಕೆ ತನ್ನ ಸಮಯ ಹೊಂದಿಸಿಕೊಂಡು ಬದುಕುವುದು ಏನೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಮೆಕ್ಸಿಕೋ ಗಡಿಯಲ್ಲಿ ವಲಸಿಗರನ್ನು ಹಣ ಪಡೆದು ಕದ್ದು ದಾಟಿಸುವವನಿಗೂ ‘ಕಯೋಟಿ’ ಎಂದೇ ಹೆಸರು. ಮುಂಬಯಿಯ ಕಾಂಡ್ಲಾ ಕಾಡಿನಂಚಿನಲ್ಲಿ ಇಂದಿಗೂ ನರಿಗಳಿವೆ. ವಿಕ್ರೋಲಿ, ಐರೋಲಿ ಕಡೆಯ ನಮ್ಮವರಲ್ಲಿ ಕೆಲವರು ರಾತ್ರಿ ಆ ಕೂಗನ್ನು ಕೇಳಿರಲೂಬಹುದು.

ಕರೆಯುವ ವಿದ್ಯೆಗೆ ಈಗ ಇನ್ನೊಂದು ಉಪಯೋಗವೂ ಇದೆ. ಒಂದು ಪ್ರದೇಶದಲ್ಲಿ ಎಷ್ಟು ಕಯೋಟಿಗಳಿವೆ ಎಂದು ತಿಳಿಯಲು ಸಂಶೋಧಕರು ರಾತ್ರಿ ಗಾಡಿ ನಿಲ್ಲಿಸಿ, ಮುದ್ರಿಸಿದ ಊಳನ್ನು ಹಾಕಿ, ಉತ್ತರಕ್ಕೆ ಕಾಯುತ್ತಾರೆ. ಬೇಟೆಗಾರರು ಹಾಕುವಂಥದ್ದೇ ದನಿ, ಅದೇ ಚಳಿ, ಅದೇ ಕಾಯುವಿಕೆ. ಕೈಯಲ್ಲಿರುವುದು ಮಾತ್ರ ಪೆನ್ನು ಮತ್ತು ದಿಕ್ಸೂಚಿ. ಉತ್ತರ ಯಾವ ಕಡೆಯಿಂದ ಬಂತು, ಎಷ್ಟು ದನಿ ಎಂದು ಬರೆದುಕೊಂಡು ಮುಂದಿನ ಜಾಗಕ್ಕೆ ಹೋಗುತ್ತಾರೆ. ನೂರು ವರ್ಷ ವಿಷ ಹಾಕಿದ ದೇಶಕ್ಕೆ ಈ ಪ್ರಾಣಿಯ ಬಗ್ಗೆ ತಿಳಿದದ್ದಕ್ಕಿಂತ ಹೆಚ್ಚು, ಅದರ ದನಿಗೆ ಕಿವಿಗೊಟ್ಟು ಕೂತವರಿಗೆ ತಿಳಿಯಿತು. ಅದರಲ್ಲಿ ಬಂದೂಕು ಹಿಡಿದವರೂ ಇದ್ದರು ಎಂಬುದನ್ನು ಚರಿತ್ರೆ ಬರೆಯುವವರು ಮರೆಮಾಚಬೇಕಿಲ್ಲ.